ಒಂದು ಕೋಣೆ, ಒಂದು ಫೋನು: ನಲಿ-ಕಲಿ ತರಗತಿಯ ಪಾಠಗಳು

ವಿಜಯಪುರ ಜಿಲ್ಲೆಯಲ್ಲಿ ತಾಂಡಾಕ್ಕೆ ಹತ್ತಿಕೊಂಡಿರುವ ಸರ್ಕಾರಿ ಶಾಲೆ ನಮ್ಮದು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅವರ ನಡುವೆ ಇರುವ ಸ್ಮಾರ್ಟ್‌ಫೋನು ಒಂದೇ, ಅದು ನನ್ನದು. ಮೊಬೈಲ್ ಬಳಸಿ ಕಲಿಸುವುದು ಎಂದರೆ ವಿಡಿಯೊ ತೋರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಕೋಣೆಯಲ್ಲಿ ಫೋನು ಹೆಚ್ಚು ಕೆಲಸಕ್ಕೆ ಬಂದದ್ದು ಮಕ್ಕಳ ದನಿ ಹಿಡಿದಿಡಲು, ಅವರು ಮಾಡಿದ್ದನ್ನು ಅವರ ಮುಂದೆಯೇ ಮತ್ತೆ ಇಡಲು. ಹೊಸದಾಗಿ ಬರುವ ಶಿಕ್ಷಕರು ಈ ಬಗ್ಗೆ ಆಗಾಗ ಕೇಳುತ್ತಾರೆ, ಅವರಿಗಾಗಿ ಇದನ್ನು ಬರೆದಿದ್ದೇನೆ.

1. ಮೊದಲು ರೆಕಾರ್ಡರ್ ತೆರೆಯಿರಿ

ಎಲ್ಲ ಫೋನಿನಲ್ಲೂ ಇರುವ, ನೆಟ್‌ವರ್ಕ್ ಬೇಡದ ಸಲಕರಣೆ ಇದು. ಎರಡನೇ ತರಗತಿಯ ಹುಡುಗಿಯೊಬ್ಬಳು ಒತ್ತಕ್ಷರ ಬಂದಲ್ಲೆಲ್ಲ ಅದನ್ನು ಬಿಟ್ಟು ಓದುತ್ತಿದ್ದಳು. ‘ಅಕ್ಕ ಹಕ್ಕಿಗೆ ಅಕ್ಕಿ ಹಾಕಿದಳು’ ಎಂದು ಬೋರ್ಡಿನ ಮೇಲೆ ಬರೆದರೆ ‘ಅಕ ಹಕಿಗೆ ಅಕಿ’ ಎನ್ನುವಳು. ನಾನು ತಿದ್ದಿದರೆ ನನ್ನ ಹಿಂದೆ ಸರಿಯಾಗಿ ಹೇಳುವಳು, ಮರುದಿನ ಮತ್ತೆ ಅದೇ. ಒಂದು ದಿನ ಅವಳ ಓದನ್ನು ರೆಕಾರ್ಡ್ ಮಾಡಿ, ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳು ಎಂದು ಕೊಟ್ಟೆ. ಮೊದಲ ಸಲ ತನ್ನ ದನಿ ಕೇಳಿ ನಾಚಿಕೊಂಡಳು. ಎರಡನೇ ಸಲ ‘ಹಕ್ಕಿ’ಯ ಹತ್ತಿರ ಬೆರಳು ನಿಂತಿತು. ಕೆಳಗಿನ ಒತ್ತನ್ನು ತೋರಿಸಿ, “ಇದನ್ನ ಓದೇ ಇಲ್ರಿ” ಎಂದಳು. ಓದುವಾಗ ಮಗುವಿನ ಗಮನವೆಲ್ಲ ಅಕ್ಷರ ಗುರುತಿಸುವುದರಲ್ಲೇ ಮುಗಿದುಹೋಗುತ್ತದೆ, ತನ್ನ ಬಾಯಿಂದ ಏನು ಬಂತೆಂದು ಕೇಳಿಸಿಕೊಳ್ಳಲು ಉಳಿಯುವುದಿಲ್ಲ. ರೆಕಾರ್ಡರ್ ಆ ಎರಡು ಕೆಲಸಗಳನ್ನು ಬೇರೆ ಮಾಡಿಕೊಡುತ್ತದೆ.

ಪ್ರತಿ ತಿಂಗಳು ಒಂದೊಂದು ನಿಮಿಷದ ಓದನ್ನು ಹೀಗೆ ತೆಗೆದಿಟ್ಟರೆ, ಪಾಲಕರ ಸಭೆಯಲ್ಲಿ ಅಂಕಪಟ್ಟಿಗಿಂತ ಚೆನ್ನಾಗಿ ಮಾತಾಡುತ್ತದೆ. ಅಕ್ಷರ ಬಾರದ ತಾಯಿಗೂ ಜೂನ್ ತಿಂಗಳ ಓದಿಗೂ ಡಿಸೆಂಬರ್ ಓದಿಗೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ.

2. ಫೋನು ಸ್ವಕಲಿಕೆ ಗುಂಪಿಗೆ ಹೋಗಲಿ

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯುವವರವರೆಗೆ ಗುಂಪುಗುಂಪಾಗಿ ಕೂರುತ್ತಾರೆ. ಫೋನನ್ನು ಇಡೀ ತರಗತಿಯ ಮುಂದೆ ಎತ್ತಿ ಹಿಡಿದರೆ ಮುಂದೆ ಕುಳಿತ ನಾಲ್ವರಿಗಷ್ಟೇ ಕಾಣುತ್ತದೆ, ಉಳಿದವರು ಗದ್ದಲ ಮಾಡುತ್ತಾರೆ, ಅದು ಅವರ ತಪ್ಪಲ್ಲ. ಸ್ವಕಲಿಕೆ ಗುಂಪಿಗೆ ಒಂದು ನಿರ್ದಿಷ್ಟ ಕೆಲಸದ ಜೊತೆ ಕೊಡಿ. ಒಬ್ಬರು ಓದಲಿ, ಒಬ್ಬರು ರೆಕಾರ್ಡ್ ಮಾಡಲಿ, ಒಬ್ಬರು ಪುಸ್ತಕ ನೋಡಿ ತಪ್ಪು ಹಿಡಿಯಲಿ. ಆ ಹೊತ್ತು ನೀವು ಪೂರ್ಣ ಸಹಾಯ ಬೇಕಾದ ಮಕ್ಕಳ ಪಕ್ಕ ಕೂರಬಹುದು.

3. ಮೊದಲು ಊಹೆ, ಆಮೇಲೆ ಫೋಟೊ

ಹೆಸರುಕಾಳು ಮೊಳಕೆ ಒಡೆಯುವ ವಿಡಿಯೊ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ನಾವು ಕಾಳನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮೊದಲು ಏನು ಹೊರಗೆ ಬರುತ್ತದೆ ಎಂಬುದನ್ನು ಚಿತ್ರ ಬರೆದು ತೋರಿಸಿ ಎಂದೆವು. ಹೆಚ್ಚಿನವರು ಎಲೆ ಬರೆದರು. ಆಮೇಲೆ ಫೋನನ್ನು ಒಂದೇ ಜಾಗದಲ್ಲಿಟ್ಟು ಶಾಲೆಯ ಹೊತ್ತಿನಲ್ಲಿ ಗಂಟೆಗೊಂದು ಫೋಟೊ ತೆಗೆಯುವ ಸರದಿ ಹಂಚಿದೆವು. ಎಲ್ಲ ಫೋಟೊಗಳನ್ನು ಬೆರಳಿನಿಂದ ಸರಸರ ಸರಿಸಿದಾಗ ಬಿಳಿ ಬೇರು ಮೊದಲು ಇಣುಕಿದ್ದನ್ನು ನೋಡಿ, ಎಲೆ ಬರೆದವರು ಫೋನಿಗೆ ಮುಗಿಬಿದ್ದರು. ಬೇರೇ ಯಾಕೆ ಮೊದಲು ಎಂದು ಅವರೇ ಕೇಳಿದರು, ನೀರು ಕುಡಿಯಲಿಕ್ಕೆ ಎಂದು ಅವರಲ್ಲೇ ಒಬ್ಬ ಹೇಳಿದ. ಸಿದ್ಧ ವಿಡಿಯೊದಲ್ಲಿ ಈ ವಾದ ಹುಟ್ಟುವುದಿಲ್ಲ.

4. ಮನೆಮಾತಿಗೆ ಬಾಗಿಲು ತೆಗೆಯಿರಿ

ನಮ್ಮ ಅರ್ಧ ಮಕ್ಕಳ ಮನೆಮಾತು ಲಂಬಾಣಿ. ಶಾಲೆಗೆ ಬಂದ ದಿನದಿಂದ ಅವರು ಕನ್ನಡದಲ್ಲಿ ಮೌನವಾಗಿರುತ್ತಾರೆ, ಅದನ್ನು ದಡ್ಡತನ ಎಂದು ಬಗೆಯುವುದು ದೊಡ್ಡ ಅನ್ಯಾಯ. ತಾಂಡಾದ ಅಜ್ಜಿಯೊಬ್ಬರ ಒಪ್ಪಿಗೆ ಪಡೆದು ಅವರು ಹೇಳಿದ ಕಥೆಯನ್ನು ರೆಕಾರ್ಡ್ ಮಾಡಿ ತಂದು ಚಿಕ್ಕ ಸ್ಪೀಕರಿನಲ್ಲಿ ಹಾಕಿದೆ. ಆವತ್ತು ಕನ್ನಡ ಮಾತಾಡುವ ಮಕ್ಕಳು ಸುಮ್ಮನೆ ಕುಳಿತರು, ತಾಂಡಾದ ಮಕ್ಕಳು ಎದ್ದು ನಿಂತು ಅರ್ಥ ಹೇಳಿದರು. ಅವರು ಹೇಳಿದ ಕನ್ನಡವನ್ನೇ ಬೋರ್ಡಿನ ಮೇಲೆ ಬರೆದು ಓದಿನ ಪಾಠ ಮಾಡಿಕೊಂಡೆವು. ನಾನು ಇಷ್ಟು ವರ್ಷ ಕಲಿಸಿದ್ದರಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾಠ ಇದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಅನೇಕ ಭಾಷೆಗಳ ಕಥೆಗಳು ಉಚಿತವಾಗಿ ಸಿಗುತ್ತವೆ. ಅದರ ಚಿತ್ರಗಳನ್ನಷ್ಟೇ ತೋರಿಸಿ ಕಥೆಯನ್ನು ಮನೆಮಾತಿನಲ್ಲಿ ಕಟ್ಟಿಸಬಹುದು.

5. ಡೌನ್‌ಲೋಡ್ ಹಿಂದಿನ ರಾತ್ರಿಯೇ ಆಗಲಿ

2017ರಲ್ಲಿ ಬಂದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಜೋಡಿಸಿದ ಸಾಮಗ್ರಿ ಇದೆ. ಅದನ್ನು ಮನೆಯಲ್ಲೇ ಇಳಿಸಿಕೊಂಡು, ಪೂರ್ತಿ ನೋಡಿ, ಬೇಕಾದ ಎರಡು ನಿಮಿಷ ಯಾವುದೆಂದು ಗುರುತು ಹಾಕಿಕೊಳ್ಳಿ. ತರಗತಿಯಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ಆ್ಯಪ್ ತೆರೆದು ಬೀಗ ಹಾಕುವ ಸ್ಕ್ರೀನ್ ಪಿನ್ನಿಂಗ್ ಇದೆ, ಮಕ್ಕಳ ಕೈಗೆ ಕೊಡುವ ಮೊದಲು ಅದನ್ನು ಹಾಕಿ.

6. ಮನೆಯ ಫೋನು ಮಗುವಿನ ಫೋನಲ್ಲ

ಗ್ರಾಮೀಣ ಭಾರತದಲ್ಲಿ ಶಾಲೆಗೆ ಹೋಗುವ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ 36.5, 2020ರಲ್ಲಿ ಶೇ 61.8 ಎಂದು ಅಸರ್ ಸಮೀಕ್ಷೆ ಹೇಳಿತು. ಆದರೆ ಆ ಫೋನು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಮನೆಗೆಲಸ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಕಳಿಸುವುದೇ ಇದ್ದರೆ ಅರ್ಧ ನಿಮಿಷದ ದನಿ ಸಂದೇಶ ಸಾಕು. ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಮಕ್ಕಳಿಗೆ ಮಾತ್ರ ಇದು ದೊಡ್ಡ ಆಸರೆ. ಗೆಳೆಯರು ಓದಿದ ಕಥೆ ಅಲ್ಲಿನ ಟೆಂಟಿಗೆ ಹೋಗುತ್ತದೆ, ಅಲ್ಲಿಂದ ಮಗು ತಾನು ಕಂಡದ್ದನ್ನು ಹೇಳಿ ಕಳಿಸುತ್ತದೆ. ಮಾರ್ಚ್ ಹೊತ್ತಿಗೆ ಮರಳಿದ ಮಗು ತರಗತಿಗೆ ಹೊಸಬನಾಗಿರುವುದಿಲ್ಲ.

7. ಮಗುವಿನ ಮುಖ ಸ್ಟೇಟಸ್‌ಗೆ ಹಾಕುವ ವಸ್ತುವಲ್ಲ

ಪಾಲಕರನ್ನು ಕೇಳದೆ ಫೋಟೊ ಹಂಚಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನನ್ನ ನಿಲುವು ಇದೇ.

8. ಶಾಲೆಗೆ ಶಾಲೆಯದೇ ಫೋನು ಬೇಕು

ಮೇಲೆ ಹೇಳಿದ್ದೆಲ್ಲ ನಡೆಯುತ್ತಿರುವುದು ಶಿಕ್ಷಕರ ಸ್ವಂತ ಫೋನು, ಸ್ವಂತ ಡೇಟಾದ ಮೇಲೆ. ಹಾಜರಾತಿ, ಬಿಸಿಯೂಟದ ಲೆಕ್ಕ, ಇಲಾಖೆಯ ಸುತ್ತೋಲೆ ಎಲ್ಲವೂ ಅದೇ ಫೋನಿಗೆ ಬರುತ್ತವೆ. ಮಗು ಓದುತ್ತಿರುವಾಗ, ಮಾಹಿತಿ ತಕ್ಷಣ ಕಳಿಸಿ ಎಂಬ ಕರೆ ಬಂದರೆ ಓದು ಅಲ್ಲಿಗೇ ನಿಲ್ಲುತ್ತದೆ. ಪ್ರತಿ ನಲಿ-ಕಲಿ ಕೋಣೆಗೆ ಸಿಮ್ ಇಲ್ಲದ ಎರಡು ಟ್ಯಾಬ್, ಒಂದು ಸ್ಪೀಕರ್, ಒಂದು ಮೆಮೊರಿ ಕಾರ್ಡ್ ಕೊಡಿ ಎಂದು ಸಭೆ ನಡೆದಾಗಲೆಲ್ಲ ಕೇಳುತ್ತಿದ್ದೇನೆ. ಗೋಡೆಗೆ ದೊಡ್ಡ ಪರದೆ ಹಾಕುವ ಹಣದ ಒಂದು ಪಾಲಿನಲ್ಲಿ ಇಷ್ಟೂ ಬರುತ್ತದೆ.