ಮನಸ್ಸಿನ ಕಾಯಿಲೆಗೆ ಯಾರ ಬಳಿ ಹೋಗಬೇಕು?

ತಲೆನೋವು, ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಜೋಮು, ರಾತ್ರಿ ನಿದ್ರೆಯಿಲ್ಲ. ಇಂಥ ತೊಂದರೆ ಹೇಳಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆಯುವವರನ್ನು ನೀವು ಕಂಡಿರಬಹುದು. ನಿಮ್ಮ ಮನೆಯಲ್ಲೇ ಒಬ್ಬರಿರಬಹುದು. ಇ.ಸಿ.ಜಿ., ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿಯೇ ಇರುತ್ತವೆ. ಆದರೆ ತೊಂದರೆ ಮಾತ್ರ ಹೋಗುವುದಿಲ್ಲ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಹೆಚ್ಚಾಗಿ ಹೀಗೆ ದೇಹದ ನೋವಿನ ರೂಪದಲ್ಲೇ ಬರುತ್ತವೆ. ಇದು ಮನಸ್ಸಿಗೆ ಸಂಬಂಧಿಸಿದ್ದಿರಬಹುದು ಎಂದೊಡನೆ, 'ನನಗೇನು ಹುಚ್ಚೇ ಡಾಕ್ಟ್ರೇ?' ಎಂದು ಕೇಳುತ್ತಾರೆ. ಅಲ್ಲಿಗೆ ಚಿಕಿತ್ಸೆ ನಿಂತುಹೋಗುತ್ತದೆ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆಯುತ್ತಿರಲಿಲ್ಲ.

ಮೊದಲು ನಿಮಗೆ ಪರಿಚಯವಿರುವ ವೈದ್ಯರ ಬಳಿಗೇ ಹೋಗಿ. ಥೈರಾಯ್ಡ್ ದೋಷ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಸಹ ಸುಸ್ತು, ಬೇಸರ, ಮರೆವು ತರಬಲ್ಲವು. ಅವು ಇವೆಯೇ ಎಂದು ನೋಡಿಸಬೇಕು. ಕ್ಲಿನಿಕ್ಕಿನಲ್ಲಿ ಜನ ಹೆಚ್ಚಿದ್ದಾಗ ವೈದ್ಯರು ನಿದ್ರೆ, ದುಃಖ, ಭಯಗಳ ಬಗ್ಗೆ ಕೇಳದೇ ಇರಬಹುದು. ಆಗ ನೀವೇ ಹೇಳಿ. 'ಎರಡು ವಾರದಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ' ಎಂಬ ಒಂದು ಮಾತು ಹತ್ತು ಪರೀಕ್ಷೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಸಾಮಾನ್ಯ ವೈದ್ಯರಿಂದಲೂ ಮಾನಸಿಕ ಚಿಕಿತ್ಸೆ ಸಾಧ್ಯ ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯೇ. 1985ರಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದ್ದರಿಂದ ಎಲ್ಲದಕ್ಕೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ವಿಚಾರಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.

ಯಾರು ಏನು ಎಂಬ ಗೊಂದಲ ಹಲವರಿಗಿದೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ., ಡಿ.ಪಿ.ಎಂ. ಅಥವಾ ಡಿ.ಎನ್.ಬಿ. ಮಾಡಿದವರು, ಅವರು ಔಷಧ ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುವವರು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರುತ್ತಾರೆ. ಇನ್ನು 'ಆಪ್ತಸಮಾಲೋಚಕರು' ಎಂದು ಫಲಕ ಹಾಕಿಕೊಂಡವರೆಲ್ಲರ ತರಬೇತಿ ಒಂದೇ ಮಟ್ಟದ್ದಲ್ಲ. ಎಲ್ಲಿ ಓದಿದ್ದೀರಿ, ನೋಂದಣಿ ಇದೆಯೇ ಎಂದು ಕೇಳುವುದು ಅಗೌರವವಲ್ಲ. ಸೀರೆ ಕೊಳ್ಳುವಾಗ ಹತ್ತು ಅಂಗಡಿ ನೋಡುವ ನಾವು ಇಲ್ಲಿ ಮಾತ್ರ ಸಂಕೋಚಪಡುತ್ತೇವೆ! 'ಮೂರೇ ದಿನದಲ್ಲಿ ಗುಣ' ಎನ್ನುವವರಿಂದ ದೂರವಿರಿ.

ದೇವರಿಗೆ ಹರಕೆ ಹೊತ್ತರೆ ತೊಂದರೆಯಿಲ್ಲ; ಹರಕೆಯ ಜೊತೆಗೆ ಗುಳಿಗೆಯೂ ನಡೆಯಲಿ. ಆದರೆ ರೋಗಿಯನ್ನು ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ ಜಾಗದಲ್ಲಿ ಒಂದು ದಿನವೂ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸರಪಳಿ ಹಾಕುವುದು ನಿಷಿದ್ಧ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ, ವಿವರಗಳು ಗುಟ್ಟಾಗಿರಬೇಕೆಂಬ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಹೆದರಿ ಚಿಕಿತ್ಸೆ ಮುಂದೂಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಮೊದಲ ಭೇಟಿಗೆ ರೋಗಿಯ ಜೊತೆ ಮನೆಯವರೊಬ್ಬರು ಹೋಗಿ. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಗುಳಿಗೆಗಳು ಕೈಯಲ್ಲಿರಲಿ. ಮನೆಯವರ ಮುಂದೆ ಹೇಳಲಾಗದ ಮಾತಿರುತ್ತದೆ. ರೋಗಿ ಸ್ವಲ್ಪ ಹೊತ್ತು ವೈದ್ಯರೊಡನೆ ಒಬ್ಬರೇ ಮಾತಾಡಲಿ. ಖಿನ್ನತೆಯ ಔಷಧ ಕೆಲಸ ಆರಂಭಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ವಾಕರಿಕೆ, ಚಡಪಡಿಕೆ ಕಾಣಿಸಬಹುದು. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ಗುಣವಾಯಿತೆಂದು ಮರುತಿಂಗಳೇ ನಿಲ್ಲಿಸುತ್ತಾರೆ. ಆರಾಮವೆನಿಸಿದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ನಿಲ್ಲಿಸಬೇಕು. ಈ ಗುಳಿಗೆಗಳು ಚಟ ಹಿಡಿಸುವುದಿಲ್ಲ. ಚಟ ಹಿಡಿಸಬಲ್ಲವು ಕೆಲವು ನಿದ್ರೆಗುಳಿಗೆಗಳು. ಅವುಗಳನ್ನು ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಪದೇಪದೇ ತರಬೇಡಿ.

ಕಾಯಬಾರದ ಸಂದರ್ಭಗಳೂ ಇವೆ. ಸಾಯುವ ಮಾತು, ಇಲ್ಲದ ಧ್ವನಿಗಳು ಕೇಳಿಸುವುದು, ದಿನಗಟ್ಟಲೆ ಅನ್ನನೀರು ಬಿಡುವುದು, ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯ ವರ್ತನೆ ಪೂರ್ತಿ ಬದಲಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. 'ಸುಮ್ಮನೆ ಹೆದರಿಸುತ್ತಾನೆ' ಎಂದು ತಳ್ಳಿಹಾಕಬೇಡಿ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳನ್ನೂ ಮಾತ್ರೆಗಳನ್ನೂ ಮನೆಯಿಂದಾಚೆ ಇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮನಸ್' ದೂರವಾಣಿ 14416 ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿ ಬರಲು ಒಪ್ಪದಿದ್ದರೆ ಮನೆಯವರೇ ಕರೆ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.