ದಂಡ ಕಟ್ಟುವ ಮೊದಲು ಆದೇಶ ಓದಿ

2022ರ ಆಗಸ್ಟ್ ತಿಂಗಳ ಜಿಎಸ್‌ಟಿಗೆಂದು ಇದ್ದ 90,000 ರೂಪಾಯಿಯನ್ನು ನಮ್ಮ ಪ್ರೆಸ್ಸಿನ ಕಾಗದ ಖರೀದಿಗೆ ಹಾಕಿದೆ. ದೊಡ್ಡ ಆರ್ಡರ್ ಕೈಯಲ್ಲಿತ್ತು, ಗಿರಾಕಿಯ ದುಡ್ಡು ಬಂದ ಕೂಡಲೇ ಕಟ್ಟುವ ಲೆಕ್ಕಾಚಾರ. ಆ ದುಡ್ಡು ಸತಾಯಿಸಿತು. ಸೆಪ್ಟೆಂಬರ್ 20ಕ್ಕೆ ಹೋಗಬೇಕಿದ್ದ 3ಬಿ ರಿಟರ್ನ್ ಹೋದದ್ದು ಡಿಸೆಂಬರ್ 2ಕ್ಕೆ. ತೆರಿಗೆಯ ಜೊತೆಗೆ ಬಡ್ಡಿ, ಲೇಟ್ ಫೀ ಎರಡನ್ನೂ ಕಟ್ಟಿ ಮುಗಿಸಿದ್ದೆ. ಬಹಳ ಸಮಯದ ಮೇಲೆ ಸೆಕ್ಷನ್ 73(11)ರ ಅಡಿ 20,000 ರೂಪಾಯಿ ದಂಡದ ಆದೇಶ ಬಂತು.

ಲೆಕ್ಕ ನೋಡಿ. 90,000ಕ್ಕೆ ಶೇ 18ರಂತೆ ವರ್ಷಕ್ಕೆ 16,200. ತಡವಾದದ್ದು 73 ದಿನ, ವರ್ಷದ ಐದನೇ ಒಂದು ಭಾಗ, ಬಡ್ಡಿ 3,240. ಲೇಟ್ ಫೀ ದಿನಕ್ಕೆ 50ರಂತೆ 3,650 ಆಗಬೇಕು, ಆದರೆ ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಮಿತಿ 2,000. ಎರಡೂ ಸೇರಿ 5,240. ದಂಡವೋ, ತೆರಿಗೆಯ ಶೇ 10 ಅಥವಾ 10,000, ಯಾವುದು ಹೆಚ್ಚೋ ಅದು. ಕೇಂದ್ರದ ಪಾಲು 45,000. ಅದರ ಶೇ 10 ಬರೀ 4,500, ಹಾಗಾಗಿ ಬಿದ್ದದ್ದು 10,000. ರಾಜ್ಯದ ಪಾಲಿಗೂ ಇನ್ನೊಂದು 10,000. ಶೇ 10 ಅನ್ನುವ ದಂಡ ಶೇ 22 ದಾಟಿತು. ತೆರಿಗೆ ಎರಡು ಲಕ್ಷ ಮುಟ್ಟದ ಸಣ್ಣ ವ್ಯಾಪಾರಿಗೇ ಈ ಪೆಟ್ಟು ಜೋರು.

‘ಕಟ್ಟಿಬಿಡಿ ಸಾರ್, ಇಪ್ಪತ್ತು ಸಾವಿರಕ್ಕೆ ಯಾಕೆ ತಲೆನೋವು?’ ಎಂದರು ಆಡಿಟರ್. ನಾನು ಒಪ್ಪಲಿಲ್ಲ. 2018ರ ಡಿಸೆಂಬರ್ 31ರ ಸುತ್ತೋಲೆ 76 ಸ್ಪಷ್ಟವಾಗಿದೆ: 3ಬಿ ತಡವಾದರೂ ಬಡ್ಡಿ ಸಮೇತ ತೆರಿಗೆ ಕಟ್ಟಿಯಾಗಿದ್ದರೆ 73(11)ರ ದಂಡವಿಲ್ಲ. ಸೆಕ್ಷನ್ 125ರ ಸಾಮಾನ್ಯ ದಂಡ ಹಾಕಬಹುದು; ಆದರೆ ಅದು ತಪ್ಪಿನ ಗಾತ್ರಕ್ಕೆ ತಕ್ಕಂತಿರಬೇಕು ಎನ್ನುತ್ತದೆ 126. ಎಪಿಎಲ್-01 ನಮೂನೆಯಲ್ಲಿ ಮೇಲ್ಮನವಿ ಹಾಕಿದೆ. ಚಲನ್, 3ಬಿ ಪ್ರತಿ, ಸುತ್ತೋಲೆ, ಇಷ್ಟೇ ದಾಖಲೆ. ದಂಡ ರದ್ದಾಯಿತು.

2024-25ರಿಂದ ಈಚಿನ ವರ್ಷಗಳಿಗೆ ಸೆಕ್ಷನ್ 73ರ ಬದಲು 74ಎ ಅನ್ವಯ, ಆದೇಶದಲ್ಲಿ ಯಾವ ಸೆಕ್ಷನ್ ಇದೆಯೆಂದು ಮೊದಲು ನೋಡಿಕೊಳ್ಳಿ. ಬರೀ ದಂಡದ ಆದೇಶವಾದರೂ 2025ರ ಅಕ್ಟೋಬರ್ 1ರಿಂದ ಅದರ ಶೇ 10 ಮುಂಗಡ ಕಟ್ಟಿಯೇ ಮೇಲ್ಮನವಿ ಹಾಕಬೇಕು.

ಈಗ ‘ನೋಟಿಸ್ ಪ್ಯಾಕೇಜ್’ ಮಾರುವವರು ಅಂಗಡಿ ಅಂಗಡಿ ತಿರುಗುತ್ತಿದ್ದಾರೆ. ವರ್ಷಕ್ಕಿಷ್ಟು ಕೊಡಿ, ಏನೇ ಬಂದರೂ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಕರಾರು ತಿರುವಿ ನೋಡಿದೆ: ನೋಟಿಸಿಗೆ ಉತ್ತರ ಮಾತ್ರ ಅದರಲ್ಲಿ ಸೇರಿದೆ, ಮೇಲ್ಮನವಿಗೆ ಬೇರೆ ಫೀಸು. ಇಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರ ಬದಲು ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದು, ಬಿಲ್ಲಿನ ಹಣ ಬಂದ ದಿನವೇ ತೆರಿಗೆಯ ಪಾಲನ್ನು ಅಲ್ಲಿಗೆ ಹಾಕಿ. ಗಿರಾಕಿ ಕೊಟ್ಟ ಜಿಎಸ್‌ಟಿ ನಮ್ಮ ದುಡ್ಡಲ್ಲ.

ಇನ್ನೊಂದು ಮಾತು. ಆದೇಶ ಅಂಚೆಯಲ್ಲೇ ಬರುತ್ತದೆಂದು ಕಾಯಬೇಡಿ. ಪೋರ್ಟಲ್‌ನಲ್ಲಿ ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’ ಎಂಬ ಪುಟವಿದೆ, ವಾರಕ್ಕೊಮ್ಮೆ ತೆರೆದು ನೋಡಿ. ಮೇಲ್ಮನವಿಗೆ ಇರುವುದು ಆದೇಶ ತಲುಪಿದಂದಿನಿಂದ ಮೂರು ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳು ಸಿಗಬಹುದು. ಅದೂ ದಾಟಿದರೆ ಮನ್ನಿಸುವ ಅಧಿಕಾರ ಮೇಲ್ಮನವಿ ಪ್ರಾಧಿಕಾರಕ್ಕೇ ಇಲ್ಲ.