ಡಡ್ಲಿ ಸೆರೆಯಲ್ಲಿ ಬರೆದ ಪಟ್ಟಿ

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. ಮಾರ್ಚ್ ಮುಗಿಯುವುದರೊಳಗೆ ವಸೂಲಿಯ ಗುರಿ ಮುಟ್ಟಬೇಕಂತೆ, ಮೇಲಿನವರು ಹೇಳಿದ ಹಾಗೆ ನೋಟಿಸು ಕಳಿಸುತ್ತಿದ್ದೇನೆ, ಇದರಲ್ಲಿ ನನ್ನದೇನಿದೆ ದೊಡ್ಡಪ್ಪ ಎಂದು ಕೇಳಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಎಡ್ಮಂಡ್ ಡಡ್ಲಿಯದೇ ನೆನಪು. ನಿನ್ನ ಹಾಗೆ ತೆರಿಗೆ ಕಚೇರಿಗೆ ಹೊಸದಾಗಿ ಸೇರಿದವರೆಲ್ಲ ಅವನ ಕತೆ ತಿಳಿದಿರಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಡಡ್ಲಿ ಲಂಡನ್ನಿನ ಬುದ್ಧಿವಂತ ವಕೀಲ. 1504ರಲ್ಲಿ ಕಾಮನ್ಸ್ ಸಭೆಯ ಸ್ಪೀಕರ್ ಆದ. ಅದೇ ವರ್ಷ ಇಂಗ್ಲೆಂಡಿನ ಟ್ಯೂಡರ್ ವಂಶದ ಮೊದಲ ದೊರೆ ಏಳನೆಯ ಹೆನ್ರಿಯ ಆಪ್ತ ಸೇವೆಗೆ ಸೇರಿದ. ಯುದ್ಧದಲ್ಲಿ ಗೆದ್ದು ಪಟ್ಟಕ್ಕೆ ಬಂದ ಹೆನ್ರಿಗೆ ತನ್ನ ಶ್ರೀಮಂತರ ಮೇಲೆ ನಂಬಿಕೆಯಿರಲಿಲ್ಲ. ಅವರನ್ನು ಹದ್ದಿನಲ್ಲಿಡಲು ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದ: ನಿಷ್ಠೆ ತಪ್ಪಿದರೆ ಇಷ್ಟು ಸಾವಿರ ಪೌಂಡ್, ಮರೆತುಹೋದ ಯಾವುದೋ ಕಾನೂನು ಮುರಿದರೆ ಇನ್ನಷ್ಟು. ಇದನ್ನು ಬರೆಸುವ, ವಸೂಲು ಮಾಡುವ ಕೆಲಸಕ್ಕೆ ಡಡ್ಲಿ ಮತ್ತು ದೊರೆಯ ಇನ್ನೊಬ್ಬ ಸೇವಕ ರಿಚರ್ಡ್ ಎಂಪ್ಸನ್ ಮುಂದೆ ನಿಂತರು. ವರ್ತಕರನ್ನೂ ಬಿಡಲಿಲ್ಲ. ಥಾಮಸ್ ಸನ್ನಿಫ್ ಎಂಬ ವ್ಯಾಪಾರಿಯ ಮೇಲೆ ಕೂಸನ್ನು ಕೊಂದ ಆರೋಪ ಹೊರಿಸಿ 500 ಪೌಂಡ್ ಕೇಳಿದರು. ಕೊಡುವುದಿಲ್ಲ ಎಂದದ್ದಕ್ಕೆ ಸೆರೆಗೆ ಹಾಕಿದರು. ನಾಲ್ಕೇ ವರ್ಷಗಳಲ್ಲಿ ಡಡ್ಲಿಯ ಪುಸ್ತಕದಲ್ಲಿ ನಗದೂ ಮುಚ್ಚಳಿಕೆಯೂ ಸೇರಿ ಸುಮಾರು 2,19,000 ಪೌಂಡ್ ಜಮೆಯಾಯಿತು. ದೊರೆಯೂ ಲೆಕ್ಕದಲ್ಲಿ ಗಟ್ಟಿಗ. ಖಜಾನೆಯ ಪುಸ್ತಕಗಳನ್ನು ಖುದ್ದಾಗಿ ನೋಡಿ ರುಜು ಹಾಕುತ್ತಿದ್ದ.

1509ರ ಏಪ್ರಿಲ್ 21ರಂದು ಹೆನ್ರಿ ತೀರಿಕೊಂಡ. ಸುದ್ದಿಯನ್ನು ಎರಡು ದಿನ ಮುಚ್ಚಿಟ್ಟರು. 24ರಂದು ಡಡ್ಲಿ, ಎಂಪ್ಸನ್ ಇಬ್ಬರೂ ಲಂಡನ್ ಗೋಪುರದ ಸೆರೆಯಲ್ಲಿದ್ದರು. ಹೊಸ ದೊರೆ ಎಂಟನೆಯ ಹೆನ್ರಿಗೆ ಆಗ 17 ವರ್ಷ. ಜನರ ಸಿಟ್ಟು ತಣಿಸಲು ಇಬ್ಬರ ತಲೆ ಸಾಕಾಗಿತ್ತು. ವಿಚಾರಣೆಯಲ್ಲಿ ಹೊರಿಸಿದ್ದು ರಾಜದ್ರೋಹ. ದೊರೆ ಸಾಯುವ ಹೊತ್ತಿನಲ್ಲಿ ಆಯುಧಧಾರಿಗಳನ್ನು ಲಂಡನ್ನಿಗೆ ಕರೆಸಿದರೆಂಬ ಆಪಾದನೆ. ವಸೂಲಿಯನ್ನೇ ಅಪರಾಧ ಎಂದಿದ್ದರೆ ಸತ್ತ ದೊರೆಯ ರುಜುಗಳೂ ಕಟಕಟೆ ಹತ್ತಬೇಕಾಗುತ್ತಿತ್ತು ಎಂದು ನನಗನಿಸುತ್ತದೆ. ಅದೇ ಕೆಲಸದಲ್ಲಿ ಕೈಯಾಡಿಸಿದ್ದ ಥಾಮಸ್ ಲವೆಲ್ ಹೊಸ ದೊರೆಯ ಸಭೆಯಲ್ಲೂ ಕೂತ.

ನಾನು ಹೇಳಬೇಕೆಂದಿದ್ದ ವಿಷಯ ಇನ್ನು ಮುಂದಿನದು. ಸೆರೆಯಲ್ಲಿ ಕೂತು ಡಡ್ಲಿ ಒಂದು ಪಟ್ಟಿ ಬರೆದ. ದೊರೆಯ ಹೆಸರಿನಲ್ಲಿ ಯಾರಿಗೆ ಅನ್ಯಾಯವಾಗಿದೆ, ಯಾರಿಗೆ ಹಣ ಮರಳಿಸಬೇಕು ಎಂಬ 80ಕ್ಕೂ ಹೆಚ್ಚು ಪ್ರಕರಣಗಳು. ಅದನ್ನು ದೊರೆಯ ಉಯಿಲಿನ ಹೊಣೆ ಹೊತ್ತಿದ್ದ ಬಿಷಪ್ ಫಾಕ್ಸ್ ಮತ್ತು ಅದೇ ಲವೆಲ್‌ಗೆ ಕಳಿಸಿದ. ನಾರ್ತಂಬರ್‌ಲೆಂಡಿನ ಅರ್ಲ್ ಬಹು ದೊಡ್ಡ ಮೊತ್ತಕ್ಕೆ ಮುಚ್ಚಳಿಕೆ ಕೊಟ್ಟಿದ್ದರೂ ದೊರೆಯ ಮನಸ್ಸಿನಲ್ಲಿದ್ದದ್ದು 2,000 ಪೌಂಡ್ ಮಾತ್ರ ಎಂದು ಅದರಲ್ಲಿದೆ. ಹುಸಿ ಕಾರಣಕ್ಕೆ ಸೆರೆ ಸೇರಿದವರಿದ್ದಾರೆ, ಆತ್ಮಸಾಕ್ಷಿಗೆ ವಿರುದ್ಧವಾಗಿ ಹಣ ಕಿತ್ತದ್ದೂ ಇದೆ. ಅಂದರೆ ಮಗಳೇ, ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಯಾವುದು ನ್ಯಾಯದ ಬಾಕಿ, ಯಾವುದು ಸುಲಿಗೆ ಎಂಬ ಎರಡನೆಯ ಲೆಕ್ಕವೂ ಅವನೊಳಗೆ ಬಿಡಿಬಿಡಿಯಾಗಿ ಇತ್ತು. ಅಧಿಕಾರವಿದ್ದಾಗ ಅದನ್ನು ಕಾಗದಕ್ಕಿಳಿಸಲಿಲ್ಲ. ಇಳಿಸುವ ಹೊತ್ತಿಗೆ ಒಂದು ಕಾಸನ್ನೂ ಮರಳಿಸುವ ಶಕ್ತಿ ಅವನಿಗಿರಲಿಲ್ಲ. 1510ರ ಆಗಸ್ಟ್ 17ರಂದು ಟವರ್ ಹಿಲ್‌ನಲ್ಲಿ ಇಬ್ಬರ ತಲೆಯನ್ನೂ ಕಡಿದರು.

ನನ್ನ ನೌಕರಿಯ ಎರಡನೆಯ ವರ್ಷ, ಬಾಯಿಮಾತಿನ ಆದೇಶಕ್ಕೆ ಒಬ್ಬ ಮುದುಕನ ಅಂಗಡಿಗೆ ದಂಡ ಹಾಕಿದ್ದೆ. ತಪ್ಪೆಂದು ಆಗಲೇ ಗೊತ್ತಿತ್ತು. ಫೈಲಿನಲ್ಲಿ ಒಂದು ಸಾಲು ಷರಾ ಬರೆಯುವ ಧೈರ್ಯ ಬರಲಿಲ್ಲ. ನಿವೃತ್ತನಾದ ಮೇಲೆ ಆ ಬೀದಿಗೆ ಹೋದೆ. ಅಂಗಡಿ ಇರಲಿಲ್ಲ, ಅವರ ಮನೆಯವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿದಿರಲಿಲ್ಲ.

ನೀನು ಬರೆದಿರುವ ಆ ಎಣ್ಣೆ ಗಾಣದವರ ಫೈಲು ಇನ್ನೂ ನಿನ್ನ ಮೇಜಿನ ಮೇಲೇ ಇದೆ. ನಾಳೆ ಅದನ್ನು ಮತ್ತೊಮ್ಮೆ ಮೊದಲಿನಿಂದ ಓದು. ನಿನಗೆ ಅನಿಸಿದ್ದನ್ನು ಅದರಲ್ಲೇ ಬರೆದು, ತಾರೀಖು ಹಾಕಿ, ರುಜು ಮಾಡು.

ನಿನ್ನ ದೊಡ್ಡಪ್ಪ